ಯಾರ ಭಾಷೆಯಲ್ಲಿ, ಯಾರ ಅಪ್ಪಣೆಯಿಂದ? – ಪಂಡಿತಾ ರಮಾಬಾಯಿಯವರ ಕಲಿಕೆಯ ಬದುಕು

ಬಿ.ಇಡಿ. ತರಗತಿಯಲ್ಲಿ ‘ಜ್ಞಾನ ಮತ್ತು ಪಠ್ಯಕ್ರಮ’ ವಿಷಯವನ್ನು ಬೋಧಿಸುವಾಗ ನಾನು ಪ್ರಶಿಕ್ಷಣಾರ್ಥಿಗಳ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಏನನ್ನು ಕಲಿಸಬೇಕೆಂದು ತೀರ್ಮಾನಿಸುವವರು ಯಾರು? ಅದನ್ನು ಯಾವ ಭಾಷೆಯಲ್ಲಿ ಕಲಿಸಬೇಕು? ಕಲಿಸುವ ಅಧಿಕಾರ ಯಾರಿಗೆ ಇದೆ? ವಿಜ್ಞಾನ, ಇತಿಹಾಸ, ಗಣಿತ ಯಾವುದೇ ವಿಷಯದಿಂದ ಇವಕ್ಕೆ ಉದಾಹರಣೆ ಕೊಡಬಹುದು. ಆದರೆ ಈ ಮೂರೂ ಪ್ರಶ್ನೆಗಳು ಒಟ್ಟಿಗೆ, ಬಹಳ ಗಟ್ಟಿಯಾಗಿ ಎದುರಾಗುವ ಒಂದು ಕ್ಷೇತ್ರವಿದೆ. ಅದು ಧರ್ಮದ ಶಿಕ್ಷಣ. ಅಲ್ಲಿ ಪಠ್ಯವನ್ನು ಪ್ರಶ್ನಿಸುವುದೆಂದರೆ ಪವಿತ್ರವಾದುದನ್ನೇ ಪ್ರಶ್ನಿಸಿದಂತೆ ಕಾಣುತ್ತದೆ. ಆದ್ದರಿಂದ ಅಧಿಕಾರ ಎಲ್ಲಿ ಕೂತಿದೆ ಎಂಬುದು ಬೇಗ ಗೊತ್ತಾಗುತ್ತದೆ.

ವಸಾಹತು ಆಳ್ವಿಕೆ ಇದ್ದ ಏಷ್ಯಾ ಮತ್ತು ಆಫ್ರಿಕಾದ ದೇಶಗಳಿಗೆ ಕ್ರೈಸ್ತ ದೈವಶಾಸ್ತ್ರದ ಉನ್ನತ ಶಿಕ್ಷಣ ಹೆಚ್ಚಾಗಿ ಯುರೋಪಿನ ಅಚ್ಚಿನಲ್ಲೇ ಬಂತು. ನಮ್ಮಲ್ಲಿ ಬಂಗಾಳದ ಸೆರಾಂಪುರ ಕಾಲೇಜು 1818ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾದವು. ಸ್ವಾತಂತ್ರ್ಯ ಬಂದ ಮೇಲೆ ಇಂಥ ಸಂಸ್ಥೆಗಳೊಳಗಿನ ವಿದ್ವಾಂಸರೇ ಒಂದು ಮಾತನ್ನು ಎತ್ತಿದರು. ಪಶ್ಚಿಮದ ಸಭೆಗಳ ಜಗಳ, ಅವರ ತತ್ತ್ವಜ್ಞಾನ, ಅವರ ಪಾರಿಭಾಷಿಕ ಪದ, ಇವನ್ನು ಕಲಿತುಕೊಂಡು ನಮ್ಮ ಹಳ್ಳಿಯ ಜನರಿಗೆ ಏನನ್ನು ಹೇಳುವುದು? ತೈವಾನಿನ ಶೋಕಿ ಕೋ ಅವರು 1970ರ ದಶಕದ ಆರಂಭದಲ್ಲಿ ಇದಕ್ಕೆ ‘ಸಂದರ್ಭೀಕರಣ’ ಎಂಬ ಅರ್ಥದ ಹೆಸರು ಕೊಟ್ಟರು. 1981ರಲ್ಲಿ ಬೆಂಗಳೂರಿನ ಅದೇ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೈವಶಾಸ್ತ್ರದ ಕುರಿತು ಮಾತನಾಡಿದರು. ಮುಂದೆ ಅದು ದಲಿತ ದೈವಶಾಸ್ತ್ರವಾಗಿ ಬೆಳೆಯಿತು. ಇದನ್ನೆಲ್ಲ ಒಟ್ಟಾಗಿ ಈಗ ದೈವಶಾಸ್ತ್ರ ಶಿಕ್ಷಣದ ವಸಾಹತುಮುಕ್ತಿ ಎನ್ನುತ್ತಾರೆ.

ಈ ಚರ್ಚೆಗೆ ಹೆಸರು ಹುಟ್ಟುವುದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲೇ ಇಂಗ್ಲೆಂಡಿನ ಒಂದು ಕಾನ್ವೆಂಟಿನಲ್ಲಿ ಕೂತು ಅದೇ ಪ್ರಶ್ನೆಗಳನ್ನು ಕೇಳಿದ ಒಬ್ಬ ವಿದ್ಯಾರ್ಥಿನಿ ಇದ್ದರು. ಅವರು ಹುಟ್ಟಿದ್ದು ನಮ್ಮ ಘಟ್ಟದ ಕಾಡಿನಲ್ಲಿ. ಅವರೇ ಪಂಡಿತಾ ರಮಾಬಾಯಿ. ಸಮಾಜ ಸುಧಾರಕಿಯೆಂದು, ವಿಧವೆಯರ ಶಾಲೆ ಕಟ್ಟಿದವರೆಂದು ಅವರನ್ನು ಎಲ್ಲರೂ ಬಲ್ಲರು. ಅವರನ್ನು ಒಬ್ಬ ಕಲಿಯುವವರಾಗಿ, ಕಲಿಸುವವರಾಗಿ ನೋಡುವುದು ಈ ಲೇಖನದ ಉದ್ದೇಶ.

ಕಾಡಿನ ಪಾಠಶಾಲೆ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟಾಗ ಸುತ್ತಲಿನವರು ಒಪ್ಪಲಿಲ್ಲ. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಂಗಸಿಗೆ ಸಂಸ್ಕೃತ ಕಲಿಸಲು ಶಾಸ್ತ್ರದ ಅಡ್ಡಿ ಇಲ್ಲವೆಂದು ಅವರು ಶಾಸ್ತ್ರದ ಆಧಾರದಿಂದಲೇ ವಾದಿಸಬೇಕಾಯಿತು. ಬಳಿಕ ಕಾಡಿನಲ್ಲಿ ಆಶ್ರಮ ಕಟ್ಟಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆ ಹೊರಟಿತು. ಊರಿಂದ ಊರಿಗೆ ಹೋಗಿ ದೇವಸ್ಥಾನಗಳಲ್ಲಿ ಪುರಾಣ ಹೇಳುವುದೇ ಜೀವನೋಪಾಯವಾಯಿತು. ತಂದೆಗೆ ವಯಸ್ಸಾಗಿತ್ತು. ಹೀಗಾಗಿ ಮಗಳಿಗೆ ತಾಯಿಯೇ ಗುರುವಾದರು. ಭಾಗವತದ 18,000 ಶ್ಲೋಕಗಳನ್ನು ಹುಡುಗಿ ಬಾಯಿಪಾಠ ಮಾಡಿದ್ದು ತಾಯಿಯ ಬಾಯಿಂದ ಕೇಳಿ. ದಾರಿಯಲ್ಲಿ ಸಿಕ್ಕ ಜನರಿಂದ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ ಭಾಷೆಗಳು ಬಂದವು. ಆದರೆ ಈ ಉದಾರ ಮನೆಯಲ್ಲೂ ಒಂದು ಗೆರೆ ಇತ್ತು. ಪುರಾಣ, ಕಾವ್ಯ, ವ್ಯಾಕರಣ ಕಲಿಯಬಹುದಿತ್ತು. ವೇದವನ್ನು ಹೆಂಗಸರು ಓದುವಂತಿರಲಿಲ್ಲ.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸರ ಜೊತೆ ದೇಶದುದ್ದಕ್ಕೂ ನಡೆದು ರಮಾಬಾಯಿ 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತವನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪುಸ್ತಕವನ್ನು ಅವರ ಕೈಗಿಟ್ಟು ಓದಲು ಹೇಳಿದರು. ಬೇಡವೆಂದು ಕಲಿತಿದ್ದನ್ನು ಓದಬೇಕೇ ಎಂಬ ಅಳುಕಿನಿಂದಲೇ ಅವರು ಓದತೊಡಗಿದರು. ಧರ್ಮಶಾಸ್ತ್ರಗಳನ್ನೂ ಓದಿದರು. ಸ್ತ್ರೀಯರಿಗೂ ಶೂದ್ರರಿಗೂ ಅವರವರ ನೆಲೆಯಲ್ಲಿ ಮೋಕ್ಷಕ್ಕೆ ಹಕ್ಕಿಲ್ಲ ಎಂಬ ವಿಷಯದಲ್ಲಿ ಮಾತ್ರ ಆ ಗ್ರಂಥಗಳೆಲ್ಲ ಒಮ್ಮತದಿಂದಿವೆ ಎಂಬುದು ಅವರಿಗೆ ಕಂಡಿತು. ಮುಂದೆ ಅದನ್ನು ಬರೆದೂ ಇಟ್ಟರು.

1880ರಲ್ಲಿ ಅಣ್ಣನೂ ಹೋದರು. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿ ಮೀರಿ, ಸಿವಿಲ್ ಕಾನೂನಿನಂತೆ ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರರ ವಿಧವೆ, ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಹಂಟರ್ ಆಯೋಗದ ಮುಂದೆ

1882ರಲ್ಲಿ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗ ಅಲ್ಲಿಗೆ ಬಂತು. ನಮ್ಮ ಪಠ್ಯಗಳಲ್ಲಿ ಈ ಆಯೋಗವನ್ನು ಪ್ರಾಥಮಿಕ ಶಿಕ್ಷಣದ ಶಿಫಾರಸುಗಳಿಗಾಗಿ ಓದುತ್ತೇವೆ. ಅದರ ಮುಂದೆ ರಮಾಬಾಯಿ ಮರಾಠಿಯಲ್ಲಿ ಕೊಟ್ಟ ಸಾಕ್ಷ್ಯವನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರನ್ನೇ ತಯಾರು ಮಾಡಬೇಕು, ಅವರಿಗೆ ಮೊದಲು ತಮ್ಮ ಭಾಷೆಯಲ್ಲಿ ಗಟ್ಟಿಯಾದ ತರಬೇತಿ ಬೇಕು, ಶಾಲೆಗಳಿಗೆ ಮಹಿಳಾ ಇನ್‌ಸ್ಪೆಕ್ಟರುಗಳು ಬೇಕು, ಶಿಕ್ಷಕಿಯರ ಸಂಬಳ ಗಂಡಸರದಕ್ಕಿಂತ ಹೆಚ್ಚಿರಬೇಕು ಎಂಬುದು ಅವರ ವಾದದ ಸಾರ. ಹೆಂಗಸರಿಗೆ ವೈದ್ಯಕೀಯ ಓದಿಸಬೇಕೆಂದೂ ಅವರು ಕೇಳಿದರು. ತಾಯಿಯೇ ಗುರುವಾಗಿ ಕಲಿತವರ ಅನುಭವ ಆ ಮಾತುಗಳ ಹಿಂದೆ ಇತ್ತು.

ವೈದ್ಯಕೀಯ ಓದಬೇಕೆಂಬ ಆಸೆಯಿಂದಲೇ 1883ರಲ್ಲಿ ಅವರು ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಪ್ರಯಾಣದ ಖರ್ಚಿಗೆ ತಾವೇ ಬರೆದ ‘ಸ್ತ್ರೀಧರ್ಮ ನೀತಿ’ ಪುಸ್ತಕದ ಹಣ ನೆರವಾಯಿತು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಭಾರತಕ್ಕೆ ಬರಲಿದ್ದ ಸನ್ಯಾಸಿನಿಯರಿಗೆ ಮರಾಠಿ ಕಲಿಸುವುದು, ಅದಕ್ಕೆ ಬದಲಾಗಿ ವಾಸ ಮತ್ತು ಓದು, ಇದು ಒಪ್ಪಂದ. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಬಾಗಿಲು ಮುಚ್ಚಿತು. ಸೆಪ್ಟೆಂಬರ್ 29ರಂದು ಅವರು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಅವರ ಮನಸ್ಸನ್ನು ಒಲಿಸಿದ ಬರಹಗಳಲ್ಲಿ ಮುಖ್ಯವಾದದ್ದು ಅವರಂತೆಯೇ ಶಾಸ್ತ್ರ ಓದಿ ಕ್ರೈಸ್ತರಾಗಿದ್ದ ನೀಲಕಂಠ ಶಾಸ್ತ್ರಿ ಗೋರೆ ಅವರದು.

ಮಠದೊಳಗಿನ ಪ್ರಶ್ನೆಗಳು

ಕತೆ ಇಲ್ಲಿಗೇ ನಿಂತಿದ್ದರೆ ಅದು ಒಬ್ಬರ ಮತಾಂತರದ ಕತೆ ಅಷ್ಟೇ ಆಗುತ್ತಿತ್ತು. ನನ್ನ ಮಟ್ಟಿಗೆ ಅವರ ನಿಜವಾದ ದೈವಶಾಸ್ತ್ರ ಶಿಕ್ಷಣ ಶುರುವಾದದ್ದು ದೀಕ್ಷೆಯ ನಂತರ. ಅವರ ಧರ್ಮಶಿಕ್ಷಣದ ಹೊಣೆ ಸಿಸ್ಟರ್ ಜೆರಾಲ್ಡೀನ್ ಅವರದಾಗಿತ್ತು. ಇಬ್ಬರ ನಡುವೆ ಪ್ರೀತಿಯೂ ಇತ್ತು, ಬಿಡದ ವಾದವೂ ಇತ್ತು. ಅವರ ಪತ್ರಗಳನ್ನು ಜೆರಾಲ್ಡೀನ್ ಜೋಪಾನ ಮಾಡಿದ್ದರು. ಎ.ಬಿ. ಶಾ ಅವರ ಸಂಪಾದಕತ್ವದಲ್ಲಿ ಅವು 1977ರಲ್ಲಿ ಮುಂಬೈಯಲ್ಲಿ ಪ್ರಕಟವಾದವು. ಗುರು ಶಿಷ್ಯರ ಸಂಬಂಧವನ್ನು ಅರಿಯಲು ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕಗಳಲ್ಲಿ ಅದೊಂದು.

ಗುರುವಿನ ನಿಲುವು ಸ್ಪಷ್ಟವಾಗಿತ್ತು. ಸಭೆ ಕಲಿಸಿದ್ದನ್ನು ಮೊದಲು ನಂಬಬೇಕು, ಅರ್ಥ ಆಮೇಲೆ ತಾನಾಗಿ ತಿಳಿಯುತ್ತದೆ. ಶಿಷ್ಯೆ ಒಪ್ಪಲಿಲ್ಲ. ತ್ರಯೇಕತ್ವ ಎಂದರೇನು, ಕ್ರಿಸ್ತನ ದೈವತ್ವವನ್ನು ಹೇಗೆ ತಿಳಿಯಬೇಕು, ಬೈಬಲಿನಲ್ಲಿ ಇಲ್ಲದ ಮಾತುಗಳಿಂದ ಕಟ್ಟಿದ ವಿಶ್ವಾಸ ಪ್ರಮಾಣವನ್ನು ಏಕೆ ಒಪ್ಪಬೇಕು, ಸಭೆಗಳೇ ತಮ್ಮತಮ್ಮಲ್ಲಿ ಭಿನ್ನವಾಗಿರುವಾಗ ಯಾವುದರ ಮಾತು ಕೊನೆಯದು ಎಂದು ಕೇಳಿದರು. ತಾನು ಪುರೋಹಿತರ ನೊಗವನ್ನು ಈಗಷ್ಟೇ ಇಳಿಸಿ ಬಂದವಳು, ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬುದು ಅವರ ಉತ್ತರದ ತಿರುಳು. ಇದು ಜೆರಾಲ್ಡೀನ್ ಅವರಿಗೆ ಅಹಂಕಾರವಾಗಿ ಕಂಡಿತು.

ಜಗಳ ಸಿದ್ಧಾಂತದಲ್ಲಿ ಮಾತ್ರ ಇರಲಿಲ್ಲ. ರಮಾಬಾಯಿ ಸಸ್ಯಾಹಾರವನ್ನು ಬಿಡಲಿಲ್ಲ. ಮೊಟ್ಟೆ ಹಾಕಿದ ಸಿಹಿಯನ್ನು ಮುಟ್ಟಲಿಲ್ಲ. ಹಳೆಯ ಜಾತಿಯ ಬಿಗುಮಾನ ಹೋಗಿಲ್ಲವೆಂದು ಮಠದವರು ಭಾವಿಸಿದರು. ಊಟದ ಅಭ್ಯಾಸಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲವೆಂಬುದು ಅವರ ನಿಲುವು. ಇನ್ನೊಂದು ಸಂಗತಿ ಶಿಲುಬೆಯದು. ಸನ್ಯಾಸಿನಿಯರು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ಭಾರತದ ಹೆಂಗಸರು ಧರಿಸುವುದಾದರೆ ಅದರ ಮೇಲೆ ಸಂಸ್ಕೃತ ಏಕೆ ಇರಬಾರದು, ಲ್ಯಾಟಿನ್ನಿನಲ್ಲಿ ಇಲ್ಲದ ಯಾವ ದೋಷ ಸಂಸ್ಕೃತದಲ್ಲಿದೆ ಎಂದು ಅವರು ಕೇಳಿದರು. ಸಂಸ್ಕೃತ ದೇವಭಾಷೆಯೆಂಬ ಕಾರಣಕ್ಕೆ ಅವರು ಹೀಗೆ ಕೇಳಲಿಲ್ಲ. ಅದು ತನ್ನ ನಾಡಿನ ಹಳೆಯ, ಚೆಲುವಾದ ಭಾಷೆ ಎಂಬುದಷ್ಟೇ ಅವರ ಕಾರಣ. ಮುಂದಿನ ಶತಮಾನದ ವಿದ್ವಾಂಸರು ದೊಡ್ಡ ಪದಗಳಲ್ಲಿ ಚರ್ಚಿಸಿದ ವಿಷಯ ಇಲ್ಲಿ ಒಂದು ಸಣ್ಣ ಲೋಹದ ತುಂಡಿನ ಮೇಲಿನ ಅಕ್ಷರದ ಪ್ರಶ್ನೆಯಾಗಿತ್ತು.

ಕಲಿಸುವ ಅಧಿಕಾರದ ಪ್ರಶ್ನೆ ಬಂದದ್ದು ಚೆಲ್ಟನ್‌ಹ್ಯಾಮಿನಲ್ಲಿ. 1884ರಿಂದ ಅವರು ಅಲ್ಲಿನ ಮಹಿಳಾ ಕಾಲೇಜಿನಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಓದುತ್ತ ಸಂಸ್ಕೃತ ಕಲಿಸುತ್ತಿದ್ದರು. ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಕಿವಿಗೊಟ್ಟರು. ಅವರು ಗಂಡು ವಿದ್ಯಾರ್ಥಿಗಳಿಗೂ ಭಾರತೀಯ ಭಾಷೆ ಕಲಿಸಲಿ ಎಂಬ ಸಲಹೆ ಬಂದಾಗ ಲಾಹೋರ್ ಮತ್ತು ಬಾಂಬೆಯ ಬಿಷಪ್ಪರು ತಡೆದರು. ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಅವರ ಗೌರವಕ್ಕೆ ಕುಂದು ಎಂಬುದು ಆ ಇಂಗ್ಲಿಷ್ ಧರ್ಮಗುರುಗಳ ಕಾರಣ. ಕಲ್ಕತ್ತೆಯಲ್ಲೂ ಪುಣೆಯಲ್ಲೂ ಗಂಡಸರು ತುಂಬಿದ ಸಭೆಗಳಲ್ಲಿ ಉಪನ್ಯಾಸ ಮಾಡಿ ಬಂದ ರಮಾಬಾಯಿಗೆ ಇದು ಹಾಸ್ಯಾಸ್ಪದವಾಗಿ ಕಂಡಿತು. ತನ್ನ ದೇಶದ ಜನ ತಡೆಯದ್ದನ್ನು, ಆ ದೇಶದ ಹೆಸರು ಹೇಳಿ ನೀವು ತಡೆಯುವುದು ಹೇಗೆ ಎಂಬ ಧಾಟಿಯಲ್ಲಿ ಪ್ರತಿಭಟಿಸಿ ಪತ್ರ ಬರೆದರು.

ಆಗ ಅವರು ಪರದೇಶದಲ್ಲಿ ಆ ಜನರ ಆಶ್ರಯದಲ್ಲೇ ಇದ್ದ ತಾಯಿ ಎಂಬುದನ್ನು ಮರೆಯಬಾರದು. ತಲೆಯಾಡಿಸಿದ್ದರೆ ಬದುಕು ಸಲೀಸಾಗುತ್ತಿತ್ತು.

ಶಾರದಾ ಸದನದಿಂದ ಮುಕ್ತಿಗೆ

1886ರಲ್ಲಿ ಬಂಧು ಆನಂದಿಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕೆಂದು ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಫ್ರೋಬೆಲ್‌ನ ಕಿಂಡರ್‌ಗಾರ್ಟನ್ ಪದ್ಧತಿಯ ತರಬೇತಿ ಪಡೆದರು. ಮರಾಠಿ ಮಕ್ಕಳಿಗೆ ಆ ರೀತಿಯ ವಾಚನ ಪುಸ್ತಕಗಳನ್ನು ಬರೆಯತೊಡಗಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ 1887ರಲ್ಲಿ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಆ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಕಲಿತ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು.

ಸದನದಲ್ಲಿ ಧರ್ಮಬೋಧನೆ ಇರಲಿಲ್ಲ. ಹುಡುಗಿಯರು ತಮ್ಮ ಆಚಾರವನ್ನು ಪಾಲಿಸಬಹುದಿತ್ತು. ಬೈಬಲ್ ಕಲಿಸುತ್ತಿಲ್ಲವೆಂದು ಕೆಲವು ಮಿಷನರಿಗಳು ಗೊಣಗಿದರು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದವರು ಸಲಹಾ ಮಂಡಳಿಯಿಂದ ಹೊರಬಂದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮತಾಂತರದ ಬಿರುಗಾಳಿಯ ನಡುವೆಯೂ ತನ್ನ ದಾರಿ ಆರಿಸುವ ಹಕ್ಕು ಅವರಿಗಿದೆ ಎಂದು ಹಿಂದೆಯೇ ಬರೆದಿದ್ದವರು ಜೋತಿರಾವ್ ಫುಲೆ.

ಈ ಬದುಕನ್ನು ಬೋಧಿಸುವಾಗ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅವರ ಸಂಸ್ಥೆಗಳು ವಿದೇಶಿ ಹಣವನ್ನು ನೆಚ್ಚಿದ್ದವು. ಹಿಂದೂ ವಿಧವೆಯ ಸಂಕಟವನ್ನು ಪಶ್ಚಿಮದ ಸಭಿಕರ ಮುಂದೆ ಬಿಚ್ಚಿಟ್ಟಾಗ ಭಾರತವನ್ನು ಹೀನವಾಗಿ ಕಾಣುವವರಿಗೂ ಅದು ಒದಗಿತು. ಅಮೆರಿಕದಲ್ಲಿ ವಿವೇಕಾನಂದರಿಗೂ ಬ್ರೂಕ್ಲಿನ್ನಿನ ರಮಾಬಾಯಿ ಬಳಗಕ್ಕೂ ವಾಗ್ವಾದ ನಡೆದದ್ದು ಇದರಿಂದಲೇ. ಕೊನೆಗಾಲದಲ್ಲಿ ಅವರ ವಿಶ್ವಾಸ ಬೈಬಲಿನ ಅಕ್ಷರಕ್ಕೆ ಬಹಳ ಬಿಗಿಯಾಗಿ ಅಂಟಿಕೊಂಡಿತು. ವಸಾಹತು ಕಾಲದ ಒಬ್ಬ ವ್ಯಕ್ತಿ ಎಲ್ಲ ಬಗೆಯ ಅಧೀನತೆಯಿಂದಲೂ ಒಂದೇ ಸಲ ಹೊರಬರುವುದು ಸಾಧ್ಯವಿರಲಿಲ್ಲ. ಪ್ರಶಿಕ್ಷಣಾರ್ಥಿಗಳು ಇದನ್ನು ಚರ್ಚಿಸಲಿ.

1896ರ ಬರಗಾಲ ಅವರನ್ನು ಪುಣೆಯಿಂದ ಹೊರಗೆ ಕರೆಯಿತು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದವರು ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಸುಮಾರು 60 ಕಿ.ಮೀ. ದೂರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಬರಗಾಲದ ನಂತರ ಅಲ್ಲಿ ಎರಡು ಸಾವಿರದಷ್ಟು ಜನರಿದ್ದರು. ನೇಯ್ಗೆ, ಬೇಸಾಯ, ಹೈನುಗಾರಿಕೆ, ಎಣ್ಣೆ ಗಾಣ, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತರು, ಕಲಿಸಿದರು. ಕುರುಡರಿಗೆ ಬ್ರೈಲ್ ಪಾಠವೂ ಇತ್ತು. ಮನೋರಮಾ ಅವರ ನೆರವಿನಿಂದ 1912ರ ಸುಮಾರಿಗೆ ಗುಲ್ಬರ್ಗಾದಲ್ಲೂ ಒಂದು ಶಾಲೆ ಹುಟ್ಟಿತು. ಕನ್ನಡ ನಾಡಿಗೆ ಅವರ ಕೆಲಸ ಹೀಗೆ ಮರಳಿ ಬಂತು.

ಹಳ್ಳಿಯ ಹೆಂಗಸಿಗಾಗಿ ಒಂದು ಬೈಬಲ್

ಸುಮಾರು 1905ರಿಂದ ರಮಾಬಾಯಿ ಕೊನೆಯ ದೊಡ್ಡ ಕೆಲಸಕ್ಕೆ ಕೈಹಾಕಿದರು. ಬಳಕೆಯಲ್ಲಿದ್ದ ಮರಾಠಿ ಬೈಬಲಿನಲ್ಲಿ ಸಂಸ್ಕೃತದ ಭಾರ ಹೆಚ್ಚಾಗಿತ್ತು. ಅದರ ಹಲವು ಪದಗಳು ವೇದಾಂತದ ಅರ್ಥವನ್ನು ಹೊತ್ತು ಬರುತ್ತಿದ್ದವು. ಮುಕ್ತಿ ಸದನದಲ್ಲಿ ಆಗಷ್ಟೇ ಅಕ್ಷರ ಕಲಿತ ಹೆಂಗಸರಿಗೆ ಅದು ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲಿ ಪಂಡಿತೆಯೆಂಬ ಬಿರುದು ಪಡೆದವರೇ ಸಂಸ್ಕೃತದ ಭಾರ ಇಳಿಸಬೇಕೆಂದು ಹೊರಟರು. ಇಂಗ್ಲೆಂಡಿನಲ್ಲಿ ಲ್ಯಾಟಿನ್ನಿನ ಎದುರು ಸಂಸ್ಕೃತದ ಪರ ನಿಂತವರು, ಇಲ್ಲಿ ಸಂಸ್ಕೃತದ ಎದುರು ಆಡುಮಾತಿನ ಪರ ನಿಂತರು. ಇದರಲ್ಲಿ ವಿರೋಧಾಭಾಸವಿದೆ ಎಂದು ನನಗೆ ಅನಿಸುವುದಿಲ್ಲ. ಎರಡೂ ಕಡೆ ಅವರು ನೋಡಿದ್ದು ಎದುರು ಕೂತ ಕಲಿಯುವವಳಿಗೆ ಯಾವುದು ಹತ್ತಿರ ಎಂಬುದನ್ನು.

ಇಂಗ್ಲಿಷ್ ಅನುವಾದದಿಂದ ಅನುವಾದಿಸಲು ಅವರಿಗೆ ಮನಸ್ಸಿರಲಿಲ್ಲ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಹೊಲಿದು ಕಟ್ಟುವುದು ಎಲ್ಲವೂ ಮುಕ್ತಿಯ ಹೆಂಗಸರ ಕೈಯಿಂದಲೇ ಆಯಿತು. ಒಂದು ಕಾಲದಲ್ಲಿ ವೇದದ ಪುಸ್ತಕ ಮುಟ್ಟಲು ಅಳುಕಿದವರ ಸುತ್ತ ಈಗ ಪವಿತ್ರ ಗ್ರಂಥವನ್ನು ಅಕ್ಷರ ಅಕ್ಷರವಾಗಿ ಜೋಡಿಸುವ ಹೆಂಗಸರಿದ್ದರು. ಅವರಲ್ಲಿ ಬರದಿಂದ ಬದುಕುಳಿದವರು, ಊರಿಂದ ಹೊರದಬ್ಬಲ್ಪಟ್ಟವರು ಇದ್ದರು. ಹಾಳೆಯನ್ನು ಜೋಡಿಸುವವಳು ಅದನ್ನು ಓದುತ್ತಲೂ ಇದ್ದಳು. ನನ್ನ ದೃಷ್ಟಿಯಲ್ಲಿ ಆ ಅಚ್ಚುಕೂಟವೇ ಅವರು ಕಟ್ಟಿದ ದೈವಶಾಸ್ತ್ರದ ಕಾಲೇಜು.

1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು. ಸಂಪೂರ್ಣ ಬೈಬಲ್ 1924ರಲ್ಲಿ ಹೊರಬಂತು. ಮರಾಠಿ ಸಭೆಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ.

ನಮ್ಮ ತರಗತಿಗೆ

ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋದಾಗ ನಾನು ಸಾಮಾನ್ಯವಾಗಿ ಕಾಣುವ ಒಂದು ಸಂಗತಿ ಇದೆ. ಪ್ರಶಿಕ್ಷಣಾರ್ಥಿ ಪ್ರಶ್ನೆ ಕೇಳುತ್ತಾರೆ. ಮಗು ತನ್ನ ಮನೆಮಾತಿನಲ್ಲಿ, ತುಳುವಿನಲ್ಲೋ ಲಂಬಾಣಿಯಲ್ಲೋ ತನ್ನ ಊರಿನ ಕನ್ನಡದಲ್ಲೋ ಸರಿಯಾದ ಉತ್ತರವನ್ನೇ ಕೊಡುತ್ತದೆ. ಪುಸ್ತಕದ ಪದ ಬರಲಿಲ್ಲವೆಂದು ಪ್ರಶ್ನೆ ಮುಂದಿನ ಬೆಂಚಿಗೆ ಹೋಗುತ್ತದೆ. ಪಾಠಯೋಜನೆ ಸಮಯಕ್ಕೆ ಮುಗಿಯುತ್ತದೆ. ಆ ಮಗು ಮುಂದೆ ಕೈ ಎತ್ತುವುದಿಲ್ಲ. ವಸಾಹತುಮುಕ್ತಿ ಎಂಬ ದೊಡ್ಡ ಪದಕ್ಕೆ ನಮ್ಮ ಮಟ್ಟದಲ್ಲಿ ಏನಾದರೂ ಅರ್ಥವಿದ್ದರೆ ಅದು ಈ ಜಾಗದಲ್ಲಿದೆ. ಮಗುವಿನ ಪದವನ್ನೂ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಪುಸ್ತಕದ ಪದ ಬರೆದು, ಎರಡಕ್ಕೂ ಇರುವ ನಂಟನ್ನು ತರಗತಿಯಿಂದಲೇ ಹೇಳಿಸಬಹುದು. ಅದಕ್ಕೆ ಎರಡು ನಿಮಿಷ ಸಾಕು.

ಹಾಗೆಯೇ ಪ್ರಶ್ನೆ ಕೇಳುವ ವಿದ್ಯಾರ್ಥಿಯ ವಿಷಯ. ಜೆರಾಲ್ಡೀನ್ ಕೆಟ್ಟ ಗುರುವಾಗಿರಲಿಲ್ಲ. ಶಿಷ್ಯೆಯನ್ನು ಮನಸಾರೆ ಪ್ರೀತಿಸಿದರು. ಆದರೆ ಕಲಿಯುವವಳ ಪ್ರಶ್ನೆಯನ್ನು ಅವಿಧೇಯತೆಯೆಂದು ಓದಿದರು. ಬೀಲ್ ಅದೇ ಪ್ರಶ್ನೆಯನ್ನು ಕಲಿಕೆಯೆಂದು ಓದಿದರು. ಇಬ್ಬರ ಮುಂದೆಯೂ ಇದ್ದವರು ಒಬ್ಬರೇ ರಮಾಬಾಯಿ. ಮುಂದಿನ ಅಭ್ಯಾಸ ಬೋಧನೆಯ ನಂತರ ನಿಮ್ಮ ವೀಕ್ಷಣಾ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿ. ಇವತ್ತು ಯಾವ ಮಗು ನನ್ನನ್ನು ಪ್ರಶ್ನೆ ಕೇಳಿತು, ನಾನು ಅದಕ್ಕೆ ಏನು ಮಾಡಿದೆ ಎಂಬುದನ್ನು ಅಲ್ಲಿ ಬರೆಯಿರಿ. ಚರ್ಚಾ ತರಗತಿಯಲ್ಲಿ ಮೊದಲು ಆ ಸಾಲನ್ನೇ ಓದೋಣ.